ಲ್ಯಾಪ್‌ಟಾಪ್‌ನಲ್ಲಿ ತೆರೆಯುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಕಾಣುತ್ತಿಲ್ಲ

ತುಂಗಾತೀರ
2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, 2.5 ಇಂಚಿನದು. ಪ್ರತ್ಯೇಕ ಅಡಾಪ್ಟರ್ ಇಲ್ಲ, ಯುಎಸ್‌ಬಿ 3.0 ಕೇಬಲ್ ಒಂದೇ. ವಿಂಡೋಸ್ 11 ಇರುವ ಲ್ಯಾಪ್‌ಟಾಪ್‌ಗೆ ಹಾಕಿದರೆ ಕೂಡಲೇ ತೆರೆಯುತ್ತೆ, ಫೈಲುಗಳೆಲ್ಲ ಇವೆ. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್‌ಗೆ ಹಾಕಿದರೆ ಡಿಸ್ಕಿನ ದೀಪ ಉರಿಯುತ್ತೆ, ಆದರೆ 'ದಿಸ್ ಪಿಸಿ'ಯಲ್ಲಿ ಹೊಸದೇನೂ ಬರಲ್ಲ. ಅದರಲ್ಲಿರೋದು ವಿಂಡೋಸ್ 10. ಪೆನ್‌ಡ್ರೈವ್, ಕೀಬೋರ್ಡ್, ಪ್ರಿಂಟರ್ ಎಲ್ಲ ಅದೇ ಡೆಸ್ಕ್‌ಟಾಪ್‌ನಲ್ಲಿ ಸರಿಯಾಗಿವೆ. ಡಿಸ್ಕ್ ಹಾಕಿದ್ದು ಕ್ಯಾಬಿನೆಟ್ ಮುಂಭಾಗದ ನೀಲಿ ಪೋರ್ಟಿಗೆ. ಮನೆಯವರ ಫೋಟೊಗಳು, ಜಮೀನಿನ ಕಾಗದಗಳ ಸ್ಕ್ಯಾನ್ ಅದರಲ್ಲೇ ಇವೆ. ಎಲ್ಲಿಂದ ಹುಡುಕಲಿ?

ಚಾವಡಿಕಟ್ಟೆ
ಒಂದ್ಸಲ ಫಾರ್ಮ್ಯಾಟ್ ಮಾಡಿಬಿಡಿ ಸರ್, ಎರಡರಲ್ಲೂ ಬರುತ್ತೆ.

ಕಡತಪಾಲಕ
ಬೇಡ, ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಒಂದು ಕಂಪ್ಯೂಟರ್‌ನಲ್ಲಿ ಫೈಲುಗಳು ತೆರೆಯುತ್ತಿವೆ ಅಂದರೆ ಪಾರ್ಟಿಷನ್ ಟೇಬಲ್ (ಡಿಸ್ಕಿನ ಭಾಗಗಳ ಪಟ್ಟಿ) ಸರಿ ಇದೆ, ಫೈಲ್ ಸಿಸ್ಟಮ್ (ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಸರಿ ಇದೆ. ಫಾರ್ಮ್ಯಾಟ್ ಮಾಡಿದರೆ ಸರಿ ಇರುವುದನ್ನು ಅಳಿಸಿದ ಹಾಗಾಗುತ್ತೆ, ಕೆಟ್ಟಿರುವುದು ಡೆಸ್ಕ್‌ಟಾಪ್‌ನಲ್ಲಿ ಹಾಗೇ ಉಳಿಯುತ್ತೆ.

ತುಂಗಾತೀರ ಅವರೇ, ಯಾವ ಪರೀಕ್ಷೆಗೂ ಮೊದಲು ಲ್ಯಾಪ್‌ಟಾಪ್‌ಗೆ ಹಾಕಿ, ಕಾಗದಪತ್ರಗಳ ಫೋಲ್ಡರನ್ನು ಇನ್ನೊಂದು ಕಡೆ ನಕಲು ಮಾಡಿ. ಫೋಟೊ ಆಮೇಲೆ. ಸ್ಕ್ಯಾನ್‌ಗಳು ಗಾತ್ರದಲ್ಲಿ ಚಿಕ್ಕವು, ಪೆನ್‌ಡ್ರೈವ್‌ನಲ್ಲಿ ಹಿಡಿಯಬಹುದು. ಈ ಹುಡುಕಾಟದಲ್ಲಿ ಡಿಸ್ಕನ್ನು ಹತ್ತಾರು ಸಲ ಕಿತ್ತು ಹಾಕಬೇಕಾಗುತ್ತೆ. ಒಂದೇ ಪ್ರತಿ ಇರುವಾಗ ಅದನ್ನು ಮಾಡುವುದು ತಪ್ಪು.

ಇನ್ನೊಂದು ಮಾತು ಈಗಲೇ ತಿಳಿದಿರಲಿ. ಡೆಸ್ಕ್‌ಟಾಪ್‌ನಲ್ಲಿ ಎರಡು ಸೂಚನೆಗಳು ಬರಬಹುದು. 'ಡ್ರೈವ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಅಂತ ಒಂದು, 'ಇನಿಶಿಯಲೈಸ್ ಡಿಸ್ಕ್' ಅಂತ ಇನ್ನೊಂದು. ಎರಡಕ್ಕೂ ಕ್ಯಾನ್ಸಲ್ ಒತ್ತಿ. ಇನಿಶಿಯಲೈಸ್ ಮಾಡಿದರೆ ಫೈಲುಗಳ ಮೇಲೆ ನೇರವಾಗಿ ಏನೂ ಬರೆಯುವುದಿಲ್ಲ, ಆದರೆ ಹೊಸ ಪಾರ್ಟಿಷನ್ ಟೇಬಲ್ ಹಳೆಯದರ ಮೇಲೆ ಕೂರುತ್ತೆ. ಆಮೇಲೆ ಲ್ಯಾಪ್‌ಟಾಪ್‌ನಲ್ಲೂ ತೆರೆಯಲ್ಲ.

ಬೆಸುಗೆಕಡ್ಡಿ
ಮುಂಭಾಗದ ಪೋರ್ಟ್ ಅಂದಿದ್ದೀರಿ, ನನ್ನ ಮೊದಲ ಅನುಮಾನ ಅಲ್ಲೇ. ದೀಪ ಉರಿಯೋದು ಏನನ್ನೂ ಹೇಳಲ್ಲ. ದೀಪಕ್ಕೆ ಕೆಲವೇ ಮಿಲಿಆಂಪ್ ಸಾಕು, ತಟ್ಟೆ ತಿರುಗಿಸುವ ಮೋಟಾರಿಗೆ ಸಾಲದು.

ಲೆಕ್ಕ ಹೀಗಿದೆ. 2.5 ಇಂಚಿನ ಡಿಸ್ಕ್ 5 ವೋಲ್ಟ್ ಒಂದರ ಮೇಲೇ ನಡೆಯುತ್ತೆ. ತಿರುಗಲು ಶುರುವಾಗುವ ಒಂದೆರಡು ಸೆಕೆಂಡು ಸುಮಾರು 1 ಆಂಪ್ ಎಳೆಯಬಹುದು, ಒಮ್ಮೆ ವೇಗಕ್ಕೆ ಬಂದಮೇಲೆ ಅದರ ಅರ್ಧದ ಆಸುಪಾಸು ಸಾಕು. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡಬೇಕಾದ್ದು 500 ಮಿಲಿಆಂಪ್, 3.0 ಪೋರ್ಟ್ 900. ಮದರ್‌ಬೋರ್ಡಿಗೆ ನೇರ ಬೆಸುಗೆಯಾದ ಹಿಂಭಾಗದ ಪೋರ್ಟುಗಳು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚೇ ಕೊಡುತ್ತವೆ. ಮುಂಭಾಗದ್ದು ಕ್ಯಾಬಿನೆಟ್ ಒಳಗಿನ ತೆಳು ವೈರಿನ ಮೂಲಕ, ಮದರ್‌ಬೋರ್ಡಿನ ಮೇಲಿನ ಹೆಡರ್ ಅನ್ನುವ ಪಿನ್ ಜೋಡಣೆ ದಾಟಿ ಬರಬೇಕು. ಅಲ್ಲಿ ವೋಲ್ಟೇಜ್ ಇಳಿಯುತ್ತೆ. ಮೋಟಾರು ತಿರುಗಲು ಹೋಗಿ, ವೋಲ್ಟೇಜ್ ಕುಸಿದು, ಡಿಸ್ಕಿನ ಬೋರ್ಡ್ ರೀಸೆಟ್ ಆಗಿ, ಮತ್ತೆ ತಿರುಗಲು ಹೋಗುತ್ತೆ. ಪೆನ್‌ಡ್ರೈವ್‌ಗೆ ಇಷ್ಟು ಕರೆಂಟ್ ಬೇಡವಾದ್ದರಿಂದ ಅದು ಅಲ್ಲೇ ಚೆನ್ನಾಗಿ ನಡೆಯುತ್ತೆ. ಪೆನ್‌ಡ್ರೈವ್ ಬಂತು ಅಂತ ಪೋರ್ಟ್ ಸರಿ ಇದೆ ಅಂದುಕೊಂಡರೆ ಮೋಸ ಹೋಗ್ತೀರಿ.

ಕಿವಿಗೆ ಹತ್ತಿರ ಹಿಡಿದು ಕೇಳಿ. ಒಂದೇ ಸಮನೆ ಸಣ್ಣ ಗುಂಯ್ ಸದ್ದು ಬಂದರೆ ತಟ್ಟೆ ತಿರುಗುತ್ತಿದೆ. ಟಿಕ್ ಅಂತ ಸದ್ದಾಗಿ, ನಿಂತು, ಮತ್ತೆ ಟಿಕ್ ಅಂತ ಎರಡು ಮೂರು ಸೆಕೆಂಡಿಗೊಮ್ಮೆ ಬಂದರೆ ತಕ್ಷಣ ಕಿತ್ತುಬಿಡಿ. ಲ್ಯಾಪ್‌ಟಾಪ್‌ನಲ್ಲಿ ಆ ಸದ್ದು ಬಾರದೆ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಬಂದರೆ ಅದು ವಿದ್ಯುತ್ ಕೊರತೆ. ಎರಡರಲ್ಲೂ ಬಂದರೆ ಡಿಸ್ಕೇ ಹೋಗ್ತಾ ಇದೆ.

ಈಗ ಮಾಡಬೇಕಾದ್ದು: ಹಬ್ ಬೇಡ, ಎಕ್ಸ್‌ಟೆನ್ಶನ್ ಕೇಬಲ್ ಬೇಡ, ಕ್ಯಾಬಿನೆಟ್ ಹಿಂದಿನ ನೀಲಿ (3.0) ಪೋರ್ಟಿಗೆ ನೇರವಾಗಿ ಹಾಕಿ. ಅದೂ ಆಗದಿದ್ದರೆ ಹಿಂದಿನ ಕಪ್ಪು (2.0) ಪೋರ್ಟಿಗೆ.

ನೀಲಿಪೋರ್ಟ್
ಕೇಬಲ್ ಬಗ್ಗೆಯೂ ಹೇಳಬೇಕು. ಲ್ಯಾಪ್‌ಟಾಪ್‌ನಲ್ಲಿ ಅದೇ ಕೇಬಲ್ ಕೆಲಸ ಮಾಡ್ತಿದೆ ಅಂತ ಅದನ್ನು ಪಟ್ಟಿಯಿಂದ ತೆಗೆಯಬೇಡಿ. ಲ್ಯಾಪ್‌ಟಾಪ್ ಪೋರ್ಟ್ 5.1 ವೋಲ್ಟ್ ಕೊಡ್ತಿದ್ದರೆ ಕೇಬಲ್‌ನಲ್ಲಿ ಅರ್ಧ ವೋಲ್ಟ್ ಹೋದರೂ ನಡೆದುಬಿಡುತ್ತೆ. ಡೆಸ್ಕ್‌ಟಾಪ್ 4.8 ಕೊಟ್ಟಾಗ ಅದೇ ನಷ್ಟ ಡಿಸ್ಕನ್ನು ಮಲಗಿಸುತ್ತೆ.

ಈ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ಇರುವ ಅಗಲವಾದ, ಎರಡು ಭಾಗದ ಸಾಕೆಟ್ ನೋಡಿ. ದೊಡ್ಡ ಭಾಗ ಹಳೆಯ ಮೈಕ್ರೋ ಯುಎಸ್‌ಬಿಯೇ, ಪಕ್ಕದ ಚಿಕ್ಕ ಭಾಗದಲ್ಲಿ 3.0 ವೇಗದ ಐದು ಪಿನ್‌ಗಳಿವೆ. ಹಳೆಯ ಫೋನ್ ಚಾರ್ಜಿಂಗ್‌ಗೆ ಬಳಸುವ ಮೈಕ್ರೋ ಕೇಬಲನ್ನು ದೊಡ್ಡ ಭಾಗಕ್ಕೆ ಮಾತ್ರ ಹಾಕಬಹುದು. ಆದರೆ ಅದು ಡೇಟಾ ಕೇಬಲ್ ಆಗಿರಬೇಕು, ಬರೀ ಚಾರ್ಜಿಂಗ್ ಕೇಬಲ್ ಆದರೆ ಏನೂ ಕಾಣಲ್ಲ. ಡಿಸ್ಕ್ 2.0 ವೇಗದಲ್ಲಿ, ಸೆಕೆಂಡಿಗೆ 30ರಿಂದ 40 ಎಂಬಿಯಷ್ಟು ಓಡುತ್ತೆ. ಹಾಗೆ ಹಾಕಿದಾಗ ಡೆಸ್ಕ್‌ಟಾಪ್ ಗುರುತಿಸಿದರೆ ತಪ್ಪಿರೋದು ಹೆಚ್ಚಾಗಿ 3.0 ಜೋಡಿ ತಂತಿಗಳಲ್ಲಿ, ಆ ಪಿನ್‌ಗಳಲ್ಲಿ, ಅಥವಾ 3.0 ಕಂಟ್ರೋಲರ್‌ನ ಡ್ರೈವರ್‌ನಲ್ಲಿ.

ಹೊಸ ಕೇಬಲ್ ಕೊಳ್ಳುವಾಗ ಅರ್ಧ ಮೀಟರ್ ಮೀರಬೇಡಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿರಲಿ, ಊರಿನ ಮೊಬೈಲ್ ಅಂಗಡಿಯಲ್ಲಿರಲಿ, ಕೈಗೆ ದಪ್ಪನಾಗಿ, ಬಿರುಸಾಗಿ ಸಿಗುವ ಗಿಡ್ಡ ಕೇಬಲೇ ಒಳ್ಳೆಯದು. ಉದ್ದವಾಗಿ ಮೆತ್ತಗಿರುವುದರಲ್ಲಿ ತಾಮ್ರ ಕಡಿಮೆ.

ಹಳೇಮದರ್‌ಬೋರ್ಡ್
ಪೋರ್ಟ್ ಬದಲಿಸಿ ನೋಡ್ರಿ, ಜೊತೆಗೆ ಕಂಪ್ಯೂಟರ್ ಎಲ್ಲಿತನಕ ಡಿಸ್ಕನ್ನ ಕಂಡೈತಿ ಅನ್ನೋದನ್ನ ಹಿಡೀಬೇಕು. 'ಗುರುತಿಸುತ್ತಿಲ್ಲ' ಅನ್ನೋ ಒಂದ ಮಾತಿನೊಳಗ ಬೇರೆ ಬೇರೆ ರೋಗ ಅದಾವು. ಔಷಧ ಒಂದಕ್ಕ ಕೊಟ್ಟರ ಇನ್ನೊಂದಕ್ಕ ನಾಟಂಗಿಲ್ಲ.

ವಿಂಡೋಸ್ ಕೀ ಒತ್ತಿ ಹಿಡಿದು ಎಕ್ಸ್ ಒತ್ತಿರಿ, 'ಡಿವೈಸ್ ಮ್ಯಾನೇಜರ್' ತೆಗೀರಿ. ಅದನ್ನ ತೆರೆದಿಟ್ಟುಕೊಂಡೇ ಡಿಸ್ಕ್ ಹಚ್ಚಿರಿ.

ಪಟ್ಟಿ ಒಂದ ಸಲಾನೂ ಅಲುಗಾಡಲಿಲ್ಲ ಅಂದ್ರ ಯುಎಸ್‌ಬಿ ಮಟ್ಟದಾಗ ಜೋಡಣೆನೇ ಆಗಿಲ್ಲ. ವಿದ್ಯುತ್, ಕೇಬಲ್, ಪೋರ್ಟ್, ಇಲ್ಲಾ ಬಯೋಸ್ (ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ನಡಿಯೋ ಮದರ್‌ಬೋರ್ಡಿನ ಸಾಫ್ಟ್‌ವೇರ್) ಒಳಗ ಆ ಪೋರ್ಟ್ ಬಂದ್ ಆಗಿರತೈತಿ.

'ಅನ್‌ನೋನ್ ಯುಎಸ್‌ಬಿ ಡಿವೈಸ್, ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್' ಅಂತ ಹಳದಿ ಗುರುತು ಬಂದ್ರ, ಪ್ರಾಪರ್ಟೀಸ್‌ನೊಳಗ ಕೋಡ್ 43 ಇರತೈತಿ. ಏನೋ ಹಚ್ಚಿದಾರ ಅನ್ನೋದು ಕಂಪ್ಯೂಟರಿಗೆ ಗೊತ್ತಾಗೈತಿ, 'ನೀ ಯಾರು' ಅಂತ ಕೇಳಿದ್ರ ಡಿಸ್ಕ್ ಉತ್ತರ ಕೊಟ್ಟಿಲ್ಲ. ಇಲ್ಲೂ ಹೆಚ್ಚಾಗಿ ವಿದ್ಯುತ್ತು ಮತ್ತ ಕೇಬಲ್ಲಾ. ಡ್ರೈವರ್ ಹುಡುಕ್ಕೋತ ಕೂಡಬ್ಯಾಡ್ರಿ, ಡಿಸ್ಕ್ ಹೆಸರು ಹೇಳೋತನಕ ವಿಂಡೋಸ್ ಯಾವ ಡ್ರೈವರ್ ಹಾಕಬೇಕು?

'ಡಿಸ್ಕ್ ಡ್ರೈವ್ಸ್' ಕೆಳಗ ಕಂಪನಿ ಹೆಸರು, ಮಾಡೆಲ್ ಸರಿಯಾಗಿ ಬಂತು ಅಂದ್ರ ವಿದ್ಯುತ್, ಕೇಬಲ್, ಡ್ರೈವರ್ ಮೂರೂ ಪಾಸು. ಆಗ ವಿಂಡೋಸ್ ಕೀ ಜೊತಿ ಎಕ್ಸ್ ಒತ್ತಿ 'ಡಿಸ್ಕ್ ಮ್ಯಾನೇಜ್ಮೆಂಟ್' ನೋಡಬೇಕು. ಕೆಳಗಿನ ಅರ್ಧದಾಗ 'ಡಿಸ್ಕ್ 1' ಅಥವಾ 'ಡಿಸ್ಕ್ 2' ಅಂತ ಬಂದಿರತೈತಿ. ಅದರ ಪಕ್ಕ ಏನು ಬರೆದೈತಿ ಅಕ್ಷರಶಃ ಇಲ್ಲಿ ಹಾಕ್ರಿ. ಅದರ ಮ್ಯಾಲೆ ಮುಂದಿನ ಮಾತು.

ತುಂಗಾತೀರ
ಕಾಗದಪತ್ರಗಳನ್ನು ಲ್ಯಾಪ್‌ಟಾಪ್‌ಗೆ ನಕಲು ಮಾಡಿಕೊಂಡೆ. ನೋಡಿದ್ದು ಇಷ್ಟು.

ಮುಂಭಾಗದ ಪೋರ್ಟ್: ಟಿಕ್ ಸದ್ದು ಮತ್ತೆ ಮತ್ತೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅನ್‌ನೋನ್ ಯುಎಸ್‌ಬಿ ಡಿವೈಸ್, ಕೋಡ್ 43.
ಹಿಂಭಾಗದ ನೀಲಿ ಪೋರ್ಟ್: ಸದ್ದು ಸಮನಾಗಿದೆ. ಡಿಸ್ಕ್ ಡ್ರೈವ್ಸ್ ಕೆಳಗೆ ಮಾಡೆಲ್ ಹೆಸರು ಬಂತು. ಆದರೂ 'ದಿಸ್ ಪಿಸಿ'ಯಲ್ಲಿ ಇಲ್ಲ.
ಡಿಸ್ಕ್ ಮ್ಯಾನೇಜ್ಮೆಂಟ್: ಡಿಸ್ಕ್ 1, ಬೇಸಿಕ್, ಆನ್‌ಲೈನ್, 1863 ಜಿಬಿ. ಎಫ್ ಅಕ್ಷರ, ಎನ್‌ಟಿಎಫ್‌ಎಸ್, ಹೆಲ್ದಿ.

ಎಫ್ ಅಂತ ಅಲ್ಲಿ ತೋರಿಸ್ತಾ ಇದೆ, ಆದರೆ ದಿಸ್ ಪಿಸಿಯಲ್ಲಿ ಎಫ್ ತೆರೆದರೆ ಇನ್ನೊಂದು ಕಂಪ್ಯೂಟರಿನ ಶೇರ್ಡ್ ಫೋಲ್ಡರ್ ಬರುತ್ತೆ.

ಕಡತಪಾಲಕ
ಕೊನೆಯ ಸಾಲಿನಲ್ಲೇ ಉತ್ತರ ಇದೆ. ನಿಮಗೆ ಒಂದರ ಮೇಲೊಂದು ಎರಡು ತೊಂದರೆ ಇದ್ದವು. ಮುಂಭಾಗದ ಪೋರ್ಟಿಗೆ ವಿದ್ಯುತ್ ಸಾಲದು, ಅದು ಒಂದು. ಅದನ್ನು ದಾಟಿದ ಮೇಲೆ ಅಕ್ಷರದ ಘರ್ಷಣೆ.

ವಿಂಡೋಸ್ ಪ್ರತಿ ಡಿಸ್ಕಿಗೆ ತಾನು ಕೊಟ್ಟ ಅಕ್ಷರವನ್ನು ಆಯಾ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ನೆನಪಿಟ್ಟುಕೊಳ್ಳುತ್ತೆ. ನಿಮ್ಮ ಡೆಸ್ಕ್‌ಟಾಪ್ ಈ ಡಿಸ್ಕಿಗೆ ಹಿಂದೆಂದೋ ಎಫ್ ಕೊಟ್ಟಿತ್ತು. ಡಿಸ್ಕ್ ಹಾಕಿರದ ಹೊತ್ತಿನಲ್ಲಿ ಎಫ್ ಖಾಲಿ ಕಂಡು ಯಾರೋ ಶೇರ್ಡ್ ಫೋಲ್ಡರನ್ನು ಅದಕ್ಕೆ ಮ್ಯಾಪ್ ಮಾಡಿದ್ದಾರೆ, ಅಂದರೆ ಆ ಫೋಲ್ಡರಿಗೆ ಎಫ್ ಅಕ್ಷರ ಕೊಟ್ಟಿದ್ದಾರೆ. ನೆಟ್‌ವರ್ಕ್ ಮ್ಯಾಪಿಂಗ್ ಲಾಗಿನ್ ಆದ ಬಳಕೆದಾರರಿಗೆ ಸೇರಿದ್ದು, ಡಿಸ್ಕಿನ ಅಕ್ಷರ ಇಡೀ ಕಂಪ್ಯೂಟರಿಗೆ ಸೇರಿದ್ದು. ಎರಡೂ ಒಂದೇ ಅಕ್ಷರ ಹಿಡಿದರೆ ಎಕ್ಸ್‌ಪ್ಲೋರರ್ ನೆಟ್‌ವರ್ಕಿನದನ್ನು ಮಾತ್ರ ತೋರಿಸುತ್ತೆ, ಡಿಸ್ಕ್ ಅದರ ಹಿಂದೆ ಮರೆಯಾಗುತ್ತೆ. ದೋಷದ ಸೂಚನೆ ಒಂದೂ ಬರಲ್ಲ, ಅದಕ್ಕೇ ಜನ ಇದನ್ನು ಡಿಸ್ಕ್ ಕೆಟ್ಟಿದೆ ಅಂತ ತಿಳಿಯೋದು.

ಡಿಸ್ಕ್ ಮ್ಯಾನೇಜ್ಮೆಂಟ್‌ನಲ್ಲಿ ಆ ಭಾಗದ ಮೇಲೆ ಬಲ ಕ್ಲಿಕ್ ಮಾಡಿ, 'ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್', ಆಮೇಲೆ 'ಚೇಂಜ್', ಪಟ್ಟಿಯಿಂದ ಆರ್ ಅಥವಾ ಟಿ ಥರ ದೂರದ ಅಕ್ಷರ ಆರಿಸಿ. ಫೈಲುಗಳಿಗೆ ಏನೂ ಆಗಲ್ಲ. ಬ್ಯಾಕಪ್ ಸಾಫ್ಟ್‌ವೇರ್ ಅಥವಾ ಶಾರ್ಟ್‌ಕಟ್ ಹಳೆಯ ಎಫ್ ಅನ್ನು ಹುಡುಕುತ್ತಿದ್ದರೆ ಅದನ್ನು ಮಾತ್ರ ತಿದ್ದಬೇಕು. ನೆಟ್‌ವರ್ಕ್ ಮ್ಯಾಪಿಂಗನ್ನು ಯಾವಾಗಲೂ ಝಡ್‌ನಿಂದ ಹಿಂದಕ್ಕೆ ಕೊಡುತ್ತಾ ಬಂದರೆ ಈ ಜಗಳ ಮತ್ತೆ ಬರಲ್ಲ.

ಮುಂದೆ ಇದೇ ಚರ್ಚೆ ಹುಡುಕಿಕೊಂಡು ಬರುವವರಿಗಾಗಿ ಉಳಿದ ಸ್ಥಿತಿಗಳನ್ನೂ ಹೇಳಿಬಿಡುತ್ತೇನೆ. ಹೆಲ್ದಿ ಅಂತಿದ್ದು ಅಕ್ಷರವೇ ಇಲ್ಲದಿದ್ದರೆ ಅದೇ ಜಾಗದಲ್ಲಿ 'ಆ್ಯಡ್' ಒತ್ತಿ ಅಕ್ಷರ ಕೊಟ್ಟರೆ ಸಾಕು. ಪ್ರತಿ ಸಲವೂ ಅಕ್ಷರ ಹೋಗುತ್ತಿದ್ದರೆ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಡಿಸ್ಕ್‌ಪಾರ್ಟ್', ಅದರೊಳಗೆ 'ಆಟೋಮೌಂಟ್ ಎನೇಬಲ್'. ಡಿಸ್ಕ್‌ಪಾರ್ಟ್ ಒಳಗೆ ಇರುವಾಗ 'ಕ್ಲೀನ್' ಅನ್ನುವ ಪದ ಟೈಪ್ ಮಾಡಲೇಬೇಡಿ, ಅದು ಖಾತರಿ ಕೇಳದೆ ಪಾರ್ಟಿಷನ್ ಮಾಹಿತಿ ಅಳಿಸುತ್ತೆ. 'ರಾ' ಅಂತ ಬಂದರೆ ಈ ಕಂಪ್ಯೂಟರ್‌ಗೆ ಫೈಲ್ ಸಿಸ್ಟಮ್ ಓದಲು ಬರುತ್ತಿಲ್ಲ ಅಂತ. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಡಿಸ್ಕ್ ವಿಂಡೋಸ್‌ನಲ್ಲಿ ತೆರೆಯದಿರುವುದು ಸಹಜ, ಅದು ಕೆಟ್ಟಿಲ್ಲ. 'ನಾಟ್ ಇನಿಶಿಯಲೈಸ್ಡ್' ಅಂತ ಬಂದು ಗಾತ್ರ ಸೊನ್ನೆ ಇದ್ದರೆ ಯುಎಸ್‌ಬಿ ಬೋರ್ಡ್ ಮಾತಾಡುತ್ತಿದೆ, ಹಿಂದಿನ ಡಿಸ್ಕ್ ಮಾತಾಡುತ್ತಿಲ್ಲ. ಮತ್ತೆ ವಿದ್ಯುತ್ತಿನ ಕಡೆಗೇ ಹೋಗಬೇಕು.

ತುಂಗಾತೀರ
ಆರ್ ಕೊಟ್ಟೆ, ಬಂತು! ಫೈಲುಗಳೆಲ್ಲ ಕಾಣ್ತಿವೆ. ತುಂಬಾ ಉಪಕಾರವಾಯಿತು. ಮುಂಭಾಗದ ಪೋರ್ಟ್ ಸರಿ ಮಾಡೋಕೆ ಆಗುತ್ತಾ? ಕ್ಯಾಬಿನೆಟ್ ಮೇಜಿನ ಕೆಳಗಿದೆ, ಪ್ರತಿ ಸಲ ಹಿಂದೆ ಕೈ ಹಾಕೋದು ಕಷ್ಟ.

ಬೆಸುಗೆಕಡ್ಡಿ
ಆಗುತ್ತೆ. ಕಂಪ್ಯೂಟರ್ ಬಂದ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಪವರ್ ಬಟನ್ 15 ಸೆಕೆಂಡು ಒತ್ತಿ ಹಿಡಿಯಿರಿ, ಒಳಗೆ ಉಳಿದ ಚಾರ್ಜ್ ಇಳಿಯುತ್ತೆ. ಕ್ಯಾಬಿನೆಟ್ ಪಕ್ಕದ ತಗಡು ಬಿಚ್ಚಿ ಮುಂಭಾಗದ ಪೋರ್ಟಿನಿಂದ ಬರುವ ವೈರನ್ನು ಹಿಂಬಾಲಿಸಿ. ಅದು ಮದರ್‌ಬೋರ್ಡಿನಲ್ಲಿ 19 ಪಿನ್‌ನ ದೊಡ್ಡ ಹೆಡರ್‌ಗೆ ಹೋಗಿದೆಯೋ, 9 ಪಿನ್‌ನ ಚಿಕ್ಕದಕ್ಕೆ ಹೋಗಿದೆಯೋ ನೋಡಿ. ಎಷ್ಟೋ ಅಸೆಂಬಲ್ಡ್ ಕ್ಯಾಬಿನೆಟ್‌ಗಳಲ್ಲಿ ಮುಂದೆ ನೀಲಿ ಸಾಕೆಟ್ ಇದ್ದು, ಒಳಗೆ ಕನ್ವರ್ಟರ್ ಹಾಕಿ 9 ಪಿನ್‌ನ ಯುಎಸ್‌ಬಿ 2.0 ಹೆಡರ್‌ಗೆ ಸಿಕ್ಕಿಸಿರುತ್ತಾರೆ. ಬಣ್ಣ 3.0, ವಿದ್ಯುತ್ 2.0.

19 ಪಿನ್‌ಗೇ ಹೋಗಿದ್ದರೆ ಆ ಪ್ಲಗ್ ಪೂರ್ತಿ ಒಳಗೆ ಕೂತಿದೆಯಾ ನೋಡಿ. ಅದು ಬಿಗಿ ಪ್ಲಗ್, ಒಂದು ಬದಿ ಎದ್ದಿರುವುದು ಸಾಮಾನ್ಯ. ಅಲ್ಲಾಡಿಸಬೇಡಿ, ನೆಟ್ಟಗೆ ಮೇಲಕ್ಕೆ ಎಳೆದು, ನೆಟ್ಟಗೆ ಒತ್ತಿ. ಓರೆ ಮಾಡಿ ಎಳೆದರೆ ಪಿನ್ ಬಗ್ಗುತ್ತೆ, ಹೆಡರಿನ ಪ್ಲಾಸ್ಟಿಕ್ ಗೂಡೇ ಬೋರ್ಡಿನಿಂದ ಕಿತ್ತು ಬರೋದೂ ಉಂಟು.

ಯುಎಸ್‌ಬಿ ವೋಲ್ಟ್‌ಮೀಟರ್ ಅಂತ ಚಿಕ್ಕದೊಂದು ಸಿಗುತ್ತೆ, ಪೋರ್ಟ್ ಮತ್ತು ಕೇಬಲ್ ನಡುವೆ ಸಿಕ್ಕಿಸೋದು. ಡಿಸ್ಕ್ ಹಾಕುವ ಮೊದಲು ಎಷ್ಟು, ತಿರುಗಲು ಶುರುವಾದಾಗ ಎಷ್ಟು, ಎರಡೂ ಓದಿ. 4.75ಕ್ಕಿಂತ ಕೆಳಗೆ ಹೋದರೆ ಆ ಪೋರ್ಟಿನಲ್ಲಿ ಡಿಸ್ಕ್ ನಡೆಸಬೇಡಿ. ಹಿಂಭಾಗದಲ್ಲೂ ಕಡಿಮೆ ತೋರಿಸಿದರೆ ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) 5 ವೋಲ್ಟ್ ಸಾಲೇ ದಣಿದಿದೆ ಅಂತ.

ಹಾಗೂ ಆಗದಿದ್ದರೆ ಸ್ವಂತ ಅಡಾಪ್ಟರ್ ಇರುವ 3.0 ಹಬ್ ಹಿಂಭಾಗಕ್ಕೆ ಹಾಕಿ ಮೇಜಿನ ಮೇಲಿಡಿ. ಅಡಾಪ್ಟರ್ 5 ವೋಲ್ಟ್, 2 ಆಂಪ್‌ಗಿಂತ ಕಡಿಮೆ ಇರಬಾರದು. ಅಡಾಪ್ಟರ್ ಇಲ್ಲದ ಹಬ್ ಹಾಕಿದರೆ ಇರುವ 900 ಮಿಲಿಆಂಪನ್ನೇ ನಾಲ್ಕು ಪೋರ್ಟಿಗೆ ಹಂಚಿದ ಹಾಗೆ.

ಸಂಪಿಗೆಮರ
ಇದೇ ತೊಂದರೆ ಇಲ್ಲಿ ಬೇರೆ ರೂಪದಲ್ಲಿ ಇದೆ. ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರ್. ನೀಲಿ ಪೋರ್ಟಿನಲ್ಲಿ ಯಾವುದನ್ನು ಹಾಕಿದರೂ ಬರಲ್ಲ, ಕಪ್ಪು ಪೋರ್ಟಿನಲ್ಲಿ ಎಲ್ಲ ಬರುತ್ತೆ.

ನೀಲಿಪೋರ್ಟ್
ವಿಂಡೋಸ್ 7ರಲ್ಲಿ ಯುಎಸ್‌ಬಿ 3.0 ಡ್ರೈವರ್ ಮೊದಲಿನಿಂದ ಇರಲಿಲ್ಲ, ವಿಂಡೋಸ್ 8ರಿಂದ ಒಳಗೇ ಬಂತು. ಡಿವೈಸ್ ಮ್ಯಾನೇಜರ್‌ನಲ್ಲಿ 'ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್' ಅಂತ ಹೆಸರಿನ ಒಂದು ಸಾಧನ ಹಳದಿ ಗುರುತಿನೊಡನೆ, ಕೋಡ್ 28ರೊಂದಿಗೆ ಇರುತ್ತೆ. ಮದರ್‌ಬೋರ್ಡ್ ಕಂಪನಿಯ ತಾಣದಿಂದ ನಿಮ್ಮ ಬೋರ್ಡಿನ ಮಾಡೆಲ್‌ಗೆ ಕೊಟ್ಟ 3.0 ಡ್ರೈವರೇ ಹಾಕಿ. ಕಂಟ್ರೋಲರ್ ಇಂಟೆಲ್‌ದೋ, ರೆನೆಸಾಸ್‌ದೋ, ಎಎಸ್‌ಮೀಡಿಯಾದ್ದೋ ಅನ್ನುವುದರ ಮೇಲೆ ಡ್ರೈವರ್ ಬೇರೆ. ಎಲ್ಲ ಡ್ರೈವರ್ ತಾನೇ ಹಾಕುತ್ತೇನೆ ಅನ್ನುವ ಉಚಿತ ಸಾಫ್ಟ್‌ವೇರ್‌ಗಳ ಸಹವಾಸ ಬೇಡ.

ಸಂಪಿಗೆಮರ
ಕೋಡ್ 28 ಇತ್ತು. ಬೋರ್ಡಿನ ತಾಣದಿಂದ ರೆನೆಸಾಸ್ ಡ್ರೈವರ್ ಹಾಕಿದ ಮೇಲೆ ನೀಲಿ ಪೋರ್ಟ್ ಜೀವ ಬಂತು. ಧನ್ಯವಾದ.

ಮಳೆಬಿಲ್ಲು
ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಬರದಿದ್ದರೆ? ಮೌಸ್ ಬರುತ್ತೆ, ಪೆನ್‌ಡ್ರೈವ್ ಬರಲ್ಲ, ಡಿಸ್ಕೂ ಬರಲ್ಲ.

ಕಡತಪಾಲಕ
ಅಲ್ಲಿ ಯುಎಸ್‌ಬಿ ಸಂಗ್ರಹಣೆಯನ್ನು ಬೇಕೆಂದೇ ತಡೆದಿರುತ್ತಾರೆ. ಗ್ರೂಪ್ ಪಾಲಿಸಿಯಲ್ಲಿ (ವಿಂಡೋಸ್ ಯಂತ್ರಗಳಿಗೆ ಅಡ್ಮಿನ್ ಹಾಕುವ ನಿಯಮಗಳು) 'ರಿಮೂವಬಲ್ ಸ್ಟೋರೇಜ್ ಆ್ಯಕ್ಸೆಸ್' ಅಡಿ 'ಡಿನೈ ಆಲ್ ಆ್ಯಕ್ಸೆಸ್' ಹಾಕಿರಬಹುದು, ಅಥವಾ ರಿಜಿಸ್ಟ್ರಿಯ ಸರ್ವೀಸಸ್ ಅಡಿ 'ಯುಎಸ್‌ಬಿಸ್ಟೋರ್'ನ 'ಸ್ಟಾರ್ಟ್' ಮೌಲ್ಯವನ್ನು 3ರಿಂದ 4ಕ್ಕೆ ಬದಲಿಸಿರಬಹುದು. 3 ಅಂದರೆ ಬೇಕಾದಾಗ ಚಾಲೂ, 4 ಅಂದರೆ ಬಂದ್. ಕಚೇರಿಯ ಯಂತ್ರದಲ್ಲಿ ಅದನ್ನು ನೀವಾಗಿ ಬದಲಿಸಬೇಡಿ, ಐಟಿ ವಿಭಾಗಕ್ಕೆ ಬರೆದು ಅನುಮತಿ ಪಡೆಯಿರಿ.

ಕಚೇರಿಯಿಂದ ಮನೆಗೆ ಕೊಂಡ ಹಳೆಯ ಕಂಪ್ಯೂಟರಿನಲ್ಲಿ ಇದೇ ಬೀಗ ಉಳಿದಿರುವುದುಂಟು. ಅದು ನಿಮ್ಮದೇ ಯಂತ್ರ ಆದ್ದರಿಂದ 3 ಮಾಡಿ ರೀಸ್ಟಾರ್ಟ್ ಮಾಡಬಹುದು. ಹೊಸ ಎಕ್ಸ್‌ಟರ್ನಲ್ ಡಿಸ್ಕುಗಳು ಹಲವು 'ಯುಎಎಸ್‌ಪಿಸ್ಟೋರ್' ಅನ್ನುವ ಇನ್ನೊಂದು ಡ್ರೈವರಿನ ಮೇಲೆ ನಡೆಯುತ್ತವೆ. ಪೆನ್‌ಡ್ರೈವ್ ಬಂದು ಡಿಸ್ಕ್ ಬಾರದಿದ್ದರೆ ಅದರ ಸ್ಟಾರ್ಟ್ ಮೌಲ್ಯವನ್ನೂ ನೋಡಿ.

ಕೆಲವು ಕಡೆ 'ಅಪ್ಪರ್ ಫಿಲ್ಟರ್ಸ್, ಲೋವರ್ ಫಿಲ್ಟರ್ಸ್ ಎರಡೂ ಅಳಿಸಿ' ಅನ್ನುವ ಸಲಹೆ ಓಡಾಡುತ್ತಿದೆ. ಹಳೆಯ ಆ್ಯಂಟಿವೈರಸ್ ಬಿಟ್ಟುಹೋದ ಫಿಲ್ಟರಿನಿಂದ ಯುಎಸ್‌ಬಿ ಕಟ್ಟಿಕೊಳ್ಳುವುದು ನಿಜ. ಆದರೆ ಡಿಸ್ಕ್ ಡ್ರೈವ್ ವರ್ಗದ ಅಪ್ಪರ್ ಫಿಲ್ಟರ್ಸ್‌ನಲ್ಲಿ 'ಪಾರ್ಟ್‌ಎಂಜಿಆರ್' ಇರಲೇಬೇಕು, ಅದು ವಿಂಡೋಸ್‌ನದೇ. ಕಣ್ಣುಮುಚ್ಚಿ ಅಳಿಸಿದರೆ ಕಂಪ್ಯೂಟರ್ ಬೂಟ್ ಆಗದೆ ಕೂರುತ್ತೆ.

ಹಳೇಮದರ್‌ಬೋರ್ಡ್
ಒಂದ ಕಂಪ್ಯೂಟರಿಗೆ ಮಾತ್ರ ಕಾಣದ ಇನ್ನೊಂದು ಪ್ರಸಂಗ ಐತಿ, ಅದು ಭಾಳ ಮಂದಿಗೆ ತಿಳಿಯಂಗಿಲ್ಲ. ಕಂಪ್ಯೂಟರಿನ ಒಳಗಿನ ಡಿಸ್ಕನ್ನ ಎಕ್ಸ್‌ಟರ್ನಲ್ ಡಿಸ್ಕಿಗೆ ಪೂರ್ತಿ ಕ್ಲೋನ್ (ತದ್ರೂಪ ನಕಲು) ಮಾಡಿರ್ತಾರ. ಆ ಕ್ಲೋನು ಊರಾಗಿನ ಎಲ್ಲಾ ಕಂಪ್ಯೂಟರಿನಾಗೂ ತೆರೀತೈತಿ, ಯಾವುದರಿಂದ ಕ್ಲೋನ್ ಮಾಡಿದ್ರೋ ಅದರಾಗ ಮಾತ್ರ ತೆರಿಯಂಗಿಲ್ಲ! ಯಾಕಂದ್ರ ಎರಡೂ ಡಿಸ್ಕಿನ ಸಿಗ್ನೇಚರ್, ಅಂದ್ರ ಡಿಸ್ಕಿನ ಗುರುತಿನ ಸಂಖ್ಯೆ, ಒಂದಾ. ಡಿಸ್ಕ್ ಮ್ಯಾನೇಜ್ಮೆಂಟ್‌ನೊಳಗ 'ಆಫ್‌ಲೈನ್' ಅಂತ ಬರತೈತಿ, ಅದರ ಮ್ಯಾಲೆ ಮೌಸ್ ಇಟ್ಟರ ಸಿಗ್ನೇಚರ್ ಕೊಲಿಶನ್ ಅನ್ನೋ ಕಾರಣ ಕಾಣತೈತಿ.

ಬಲ ಕ್ಲಿಕ್ ಮಾಡಿ 'ಆನ್‌ಲೈನ್' ಅಂದ್ರ ವಿಂಡೋಸ್ ಅದಕ್ಕ ಹೊಸ ಸಿಗ್ನೇಚರ್ ಬರೀತೈತಿ, ಫೈಲು ತೆರೀತಾವು. ಆದ್ರ ಮುಂದ ಆ ಕ್ಲೋನಿನಿಂದಲೇ ಬೂಟ್ ಮಾಡಬೇಕು ಅನ್ನೋ ವಿಚಾರ ಇದ್ದರ ಆನ್‌ಲೈನ್ ಮಾಡಬ್ಯಾಡ್ರಿ. ಬೂಟ್ ಮಾಹಿತಿ ಹಳೇ ಸಿಗ್ನೇಚರ್ ಹುಡುಕತೈತಿ, ಹೊಸದು ಸಿಕ್ಕರ ನಿಂತುಬಿಡತೈತಿ. ಫೈಲ್ ಬೇಕಂದ್ರ ಬ್ಯಾರೆ ಕಂಪ್ಯೂಟರಿನಾಗ ತೆಗೀರಿ.

ಮತ್ತ, 'ಬಂದ್ ಮಾಡಿ ಮತ್ತ ಚಾಲೂ ಮಾಡಿದೆ, ಬರಲಿಲ್ಲ' ಅನ್ನೋರಿಗೆ: ವಿಂಡೋಸ್ 8ರಿಂದ ಈಚೆ 'ಫಾಸ್ಟ್ ಸ್ಟಾರ್ಟಪ್' ಚಾಲೂ ಇದ್ದರ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ, ಕರ್ನಲ್ (ವಿಂಡೋಸಿನ ತಿರುಳು) ಸ್ಥಿತಿನ ಡಿಸ್ಕಿಗೆ ಬರದಿಟ್ಟು ಮಲಗತೈತಿ. ಸಿಕ್ಕಿಬಿದ್ದ ಯುಎಸ್‌ಬಿ ಡ್ರೈವರ್ ಹಂಗಾ ಎದ್ದು ಬರತೈತಿ. 'ರೀಸ್ಟಾರ್ಟ್' ಒತ್ತಿರಿ, ಇಲ್ಲಾ ಶಿಫ್ಟ್ ಕೀ ಹಿಡಿದು ಶಟ್‌ಡೌನ್ ಒತ್ತಿರಿ.

ಪೆಂಗ್ವಿನ್‌ಪ್ರಿಯ
ಲಿನಕ್ಸ್ ಬಳಸುವವರಿಗೆ ಇದು ಸುಲಭ, ಏಕೆಂದರೆ ಕರ್ನಲ್ ಎಲ್ಲವನ್ನೂ ಹೇಳುತ್ತೆ. ಟರ್ಮಿನಲ್‌ನಲ್ಲಿ 'ಸುಡೊ ಡಿಮೆಸ್ಜಿ' ಕಮಾಂಡನ್ನು ಡಬ್ಲ್ಯೂ ಆಯ್ಕೆಯೊಂದಿಗೆ ಓಡಿಸಿ, ಆಮೇಲೆ ಡಿಸ್ಕ್ ಹಾಕಿ. ಸಾಲೇ ಬರದಿದ್ದರೆ ವಿದ್ಯುತ್ ಅಥವಾ ಕೇಬಲ್. ಸಾಧನ ಗುರುತಿಸಿ, ಕೂಡಲೇ 'ಡಿಸ್‌ಕನೆಕ್ಟ್' ಅಂದು, ಮತ್ತೆ ಗುರುತಿಸುತ್ತಿದ್ದರೆ ವೋಲ್ಟೇಜ್ ಕುಸಿಯುತ್ತಿದೆ. 'ಯುಎಎಸ್' ಹೆಸರಿನ ಅಬಾರ್ಟ್ ಸಾಲುಗಳು ಸಾಲುಸಾಲಾಗಿ ಬಂದರೆ ಡಿಸ್ಕಿನ ಯುಎಸ್‌ಬಿ ಬೋರ್ಡಿಗೂ ಯುಎಎಸ್ (ಹೊಸ, ವೇಗದ ಯುಎಸ್‌ಬಿ ಡಿಸ್ಕ್) ಡ್ರೈವರಿಗೂ ಹೊಂದಿಕೆಯಾಗುತ್ತಿಲ್ಲ. 'ಎಲ್‌ಎಸ್‌ಯುಎಸ್‌ಬಿ' ಕೊಡುವ ನಾಲ್ಕು ಮತ್ತು ನಾಲ್ಕು ಅಂಕಿಗಳ ಗುರುತನ್ನು ಬರೆದುಕೊಂಡು, ಯುಎಸ್‌ಬಿ ಸ್ಟೋರೇಜ್‌ನ 'ಕ್ವರ್ಕ್ಸ್' ಆಯ್ಕೆಯಲ್ಲಿ ಅದರ ಕೊನೆಗೆ ಯು ಅಕ್ಷರ ಹಾಕಿದರೆ ಆ ಡಿಸ್ಕಿಗೆ ಮಾತ್ರ ಯುಎಎಸ್ ಬಂದ್ ಆಗಿ ಹಳೆಯ ಡ್ರೈವರ್ ಹಿಡಿಯುತ್ತೆ. ವೇಗ ಸ್ವಲ್ಪ ಇಳಿಯಬಹುದು, ಡಿಸ್ಕ್ ಸ್ಥಿರವಾಗಿ ನಿಲ್ಲುತ್ತೆ.

ಎಕ್ಸ್‌ಫ್ಯಾಟ್ (ಎನ್‌ಟಿಎಫ್‌ಎಸ್ ಥರದ ಇನ್ನೊಂದು ಫೈಲ್ ಸಿಸ್ಟಮ್) ಡಿಸ್ಕ್ ಹಳೆಯ ಉಬುಂಟುವಿನಲ್ಲಿ ತೆರೆಯದಿದ್ದರೆ ಅದಕ್ಕೆ ಬೇರೆ ಪ್ಯಾಕೇಜ್ ಬೇಕು, ಕರ್ನಲ್ 5.4ರಿಂದ ಈಚೆಗೆ ಒಳಗೇ ಇದೆ. ಎನ್‌ಟಿಎಫ್‌ಎಸ್ ಡಿಸ್ಕ್ 'ಅನ್‌ಕ್ಲೀನ್' ಅಂತ ಮೌಂಟ್ ಆಗದಿದ್ದರೆ ಬಲವಂತ ಮಾಡದೆ ಒಮ್ಮೆ ವಿಂಡೋಸ್‌ಗೆ ಹಾಕಿ, ತಪಾಸಣೆ ಮಾಡಿಸಿ, 'ಸೇಫ್ಲಿ ರಿಮೂವ್' ಮೂಲಕ ತೆಗೆಯಿರಿ.

ಮಳೆಬಿಲ್ಲು
ಮ್ಯಾಕ್‌ಬುಕ್‌ನಲ್ಲಿ?

ಪೆಂಗ್ವಿನ್‌ಪ್ರಿಯ
ಮೊದಲು ಡಿಸ್ಕ್ ಯುಟಿಲಿಟಿಯಲ್ಲಿ 'ವ್ಯೂ' ಕೆಳಗೆ 'ಶೋ ಆಲ್ ಡಿವೈಸಸ್' ಹಾಕಿ. ಅಲ್ಲಿ ಇದ್ದು ಫೈಂಡರ್‌ನಲ್ಲಿ ಇಲ್ಲದಿದ್ದರೆ ಫೈಂಡರ್ ಸೆಟ್ಟಿಂಗ್ಸ್‌ನಲ್ಲಿ 'ಎಕ್ಸ್‌ಟರ್ನಲ್ ಡಿಸ್ಕ್ಸ್' ಟಿಕ್ ಮಾಡಿ. ಆ್ಯಪಲ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ವೆಂಚುರಾದಿಂದ ಈಚೆಗೆ ಹೊಸ ಸಾಧನಕ್ಕೆ ಅನುಮತಿ ಕೇಳುತ್ತೆ, 'ಅಲೋ' ಒತ್ತದಿದ್ದರೆ ದೀಪ ಮಾತ್ರ ಉರಿಯುತ್ತೆ. ಎಕ್ಸ್‌ಫ್ಯಾಟ್ ಡಿಸ್ಕನ್ನು ಹಿಂದೆ ಇಜೆಕ್ಟ್ ಮಾಡದೆ ಎಳೆದಿದ್ದರೆ ಮ್ಯಾಕ್ ಒಳಗೊಳಗೇ ತಪಾಸಣೆ ಶುರು ಮಾಡುತ್ತೆ, ಅದು ಮುಗಿಯುವ ತನಕ ಡಿಸ್ಕ್ ತೋರಿಸಲ್ಲ. ಆ್ಯಕ್ಟಿವಿಟಿ ಮಾನಿಟರ್‌ನಲ್ಲಿ 'ಎಫ್‌ಎಸ್‌ಸಿಕೆ' ಇಂದ ಶುರುವಾಗುವ ಹೆಸರು ಇದ್ದರೆ ಕಾಯಿರಿ. ಎರಡು ಟಿಬಿ ತುಂಬಿದ್ದರೆ ಬಹಳ ಹೊತ್ತು ಹಿಡಿಯಬಹುದು. ಎನ್‌ಟಿಎಫ್‌ಎಸ್ ಆದರೆ ಓದಲು ಬರುತ್ತೆ, ಬರೆಯಲು ಬರಲ್ಲ.

ಚಾವಡಿಕಟ್ಟೆ
ಪೆಟ್ಟಿಗೆ ಬಿಚ್ಚಿ ಒಳಗಿನ ಡಿಸ್ಕನ್ನು ನೇರವಾಗಿ ಕಂಪ್ಯೂಟರ್ ಒಳಗಿನ ಡಿಸ್ಕುಗಳ ಸಾಟಾ ಕೇಬಲ್‌ಗೆ ಹಾಕಿದರೆ ಆಗಲ್ವಾ? ವಿದ್ಯುತ್ ತೊಂದರೆನೇ ಇರಲ್ಲ.

ಬೆಸುಗೆಕಡ್ಡಿ
ಡಿಸ್ಕ್ ಬೇರೆ ಕಡೆ ನಡೀತಿರುವಾಗ ಬಿಚ್ಚಬೇಡಿ. ಎಷ್ಟೋ 2.5 ಇಂಚಿನ ಮಾಡೆಲ್‌ಗಳಲ್ಲಿ ಸಾಟಾ ಸಾಕೆಟ್ಟೇ ಇಲ್ಲ, ಯುಎಸ್‌ಬಿ ನೇರ ಡಿಸ್ಕಿನ ಬೋರ್ಡಿಗೇ ಬೆಸುಗೆಯಾಗಿರುತ್ತೆ. ಕೆಲವಲ್ಲಿ ಬೋರ್ಡ್ ಎಲ್ಲವನ್ನೂ ಗೂಢಲಿಪೀಕರಿಸಿ ಬರೆಯುತ್ತೆ, ಪಾಸ್‌ವರ್ಡ್ ಹಾಕದಿದ್ದರೂ. ಆ ಬೋರ್ಡ್ ಇಲ್ಲದೆ ಓದಿದರೆ ಅರ್ಥವಿಲ್ಲದ ಅಂಕಿಗಳು. 3.5 ಇಂಚಿನ ಕೆಲವು ಪೆಟ್ಟಿಗೆಗಳು 512 ಬೈಟಿನ ಸೆಕ್ಟರುಗಳನ್ನು 4096 ಅಂತ ತೋರಿಸುತ್ತವೆ, ಹೊರತೆಗೆದು ನೇರ ಹಾಕಿದರೆ ಪಾರ್ಟಿಷನ್ ಕಾಣದೆ ವಿಂಡೋಸ್ ಫಾರ್ಮ್ಯಾಟ್ ಕೇಳುತ್ತೆ.

3.5 ಇಂಚಿನವರು ಅಡಾಪ್ಟರನ್ನೂ ನೋಡಿ. ಅದು 12 ವೋಲ್ಟ್, ಲೇಬಲ್ ಮೇಲೆ ಬರೆದಷ್ಟಾದರೂ ಆಂಪ್ ಬೇಕು. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಪಿನ್ ಹೊಂದುತ್ತೆ ಅಂತ ಹಾಕಿದರೆ ಆಂಪ್ ಸಾಲದೆ ತಿರುಗಲ್ಲ. ವೋಲ್ಟ್ ಹೆಚ್ಚಾದರೆ ಬೋರ್ಡ್ ಸುಡಬಹುದು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಪ್ಲಗ್ಗಿಗೆ ಅರ್ತಿಂಗ್ ಇಲ್ಲ ಅಂತ. ಎಲೆಕ್ಟ್ರಿಶಿಯನ್ ಕರೆಸಿ ಮೊದಲು ಅದನ್ನು ಸರಿ ಮಾಡಿಸಿ, ಯುಎಸ್‌ಬಿ ಸಿಕ್ಕಿಸುವಾಗ ಕಿಡಿ ಹಾರುವ ಮನೆಯಲ್ಲಿ ಪೋರ್ಟುಗಳು ಬಾಳಲ್ಲ.

ಕಡತಪಾಲಕ
ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತಿದೆ ಅನ್ನುವುದು ಡಿಸ್ಕ್ ಆರೋಗ್ಯವಾಗಿದೆ ಅನ್ನುವುದಕ್ಕೆ ಪೂರ್ತಿ ಸಾಕ್ಷಿ ಅಲ್ಲ. ಸಾಯುತ್ತಿರುವ ಡಿಸ್ಕ್ ಒಂದು ಕಂಪ್ಯೂಟರಿನ ತಾಳ್ಮೆಯಲ್ಲಿ ತೆರೆದು ಇನ್ನೊಂದರಲ್ಲಿ ಸಮಯ ಮೀರಿ ಕೈಬಿಡಬಹುದು. ಆದ್ದರಿಂದ ಕ್ರಿಸ್ಟಲ್‌ಡಿಸ್ಕ್‌ಇನ್ಫೊ (ಡಿಸ್ಕಿನ ಆರೋಗ್ಯ ತೋರಿಸುವ ಸಾಫ್ಟ್‌ವೇರ್) ಹಾಕಿ 05, ಸಿ5, ಸಿ6 ಸಾಲುಗಳನ್ನು ನೋಡಿ. ಕ್ರಮವಾಗಿ ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರುಗಳು, ಓದಲು ಕಾದಿರುವವು, ಓದಲಾಗದೇ ಹೋದವು. ಸಿ5 ಸೊನ್ನೆ ಅಲ್ಲದಿದ್ದರೆ ಬೇರೆ ಎಲ್ಲ ಕೆಲಸ ಬಿಟ್ಟು ನಕಲು ಮಾಡಿ. ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 'ಡಿಸ್ಕ್' ಮೂಲದಿಂದ ಸಂಖ್ಯೆ 7 ಬಂದಿದ್ದರೆ ಕೆಟ್ಟ ಬ್ಲಾಕ್. 153 ಅಂದರೆ ಓದಲು ಮರುಪ್ರಯತ್ನ. 157 ಅಂದರೆ ನಡುವೆ ಸಂಪರ್ಕ ತಪ್ಪಿದೆ, ಅದು ಕೇಬಲಿನ ಕಡೆ ಬೆರಳು ತೋರಿಸುತ್ತೆ.

ಸಿ5 ಏರುತ್ತಿರುವ ಡಿಸ್ಕಿನ ಮೇಲೆ 'ಚೆಕ್‌ಡಿಸ್ಕ್' ಅನ್ನು ಆರ್ ಆಯ್ಕೆಯೊಂದಿಗೆ ಓಡಿಸಬೇಡಿ. ಅದು ಇಡೀ ಡಿಸ್ಕನ್ನು ಗಂಟೆಗಟ್ಟಲೆ ಉಜ್ಜುತ್ತೆ, ಫೈಲ್ ಪಟ್ಟಿಯನ್ನೂ ತಿದ್ದುತ್ತೆ. ಅಂಥದ್ದಕ್ಕೆ ಲಿನಕ್ಸಿನ 'ಡಿಡಿರೆಸ್ಕ್ಯೂ'ನಿಂದ ಅಷ್ಟೇ ಅಥವಾ ಹೆಚ್ಚು ಗಾತ್ರದ ಇನ್ನೊಂದು ಡಿಸ್ಕಿಗೆ ಪೂರ್ತಿ ಪ್ರತಿ ತೆಗೆಯಬೇಕು. ಅದು ಸುಲಭವಾಗಿ ಓದುವ ಜಾಗಗಳನ್ನು ಮೊದಲು ಓದಿ, ಕಷ್ಟದವನ್ನು ಕೊನೆಗೆ ಇಟ್ಟುಕೊಳ್ಳುತ್ತೆ. ಮ್ಯಾಪ್ ಫೈಲ್ ಕೊಟ್ಟು ಓಡಿಸಿದರೆ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಫೈಲ್ ಹುಡುಕುವ ಕೆಲಸ ಆ ಪ್ರತಿಯ ಮೇಲೆ.

ತುಂಗಾತೀರ
05, ಸಿ5, ಸಿ6 ಮೂರೂ ಸೊನ್ನೆ. ಮುಂಭಾಗದ ವೈರ್ 9 ಪಿನ್ ಹೆಡರ್‌ಗೇ ಕನ್ವರ್ಟರ್ ಮೂಲಕ ಹೋಗಿತ್ತು, ಬೋರ್ಡಿನಲ್ಲಿ 19 ಪಿನ್ ಖಾಲಿ ಇತ್ತು. ಅಲ್ಲಿಗೆ ಬದಲಿಸಿದೆ. ಈಗ ಮುಂಭಾಗದಲ್ಲೂ ಡಿಸ್ಕ್ ತಿರುಗುತ್ತೆ, ಆರ್ ಆಗಿ ಬರುತ್ತೆ. ಯುಎಸ್‌ಬಿ ವೋಲ್ಟ್‌ಮೀಟರ್ ತಂದು ನೋಡಿದಾಗ ತಿರುಗಲು ಶುರುವಾಗುವಾಗ 4.82 ವೋಲ್ಟ್. ಹಬ್ ಕೂಡ ತಗೊಂಡಿದ್ದೆ, ಅದನ್ನು ಹಾಕಿಟ್ಟರೆ ಕಂಪ್ಯೂಟರ್ ಬಂದ್ ಮಾಡಿದ ಮೇಲೂ ಕ್ಯಾಬಿನೆಟ್ ಫ್ಯಾನ್ ಸ್ವಲ್ಪ ಅಲುಗಾಡುತ್ತೆ. ಇದು ಸರಿಯಾ?

ಬೆಸುಗೆಕಡ್ಡಿ
4.82 ಸಾಕು, ಮುಂಭಾಗದಲ್ಲೇ ಬಳಸಿ. ಹಬ್ ಸರಿ ಇಲ್ಲ. ಅದರ ಅಡಾಪ್ಟರಿನ 5 ವೋಲ್ಟ್ ಕೇಬಲಿನ ಮೂಲಕ ಮದರ್‌ಬೋರ್ಡಿಗೆ ಹಿಂದಕ್ಕೆ ಹರಿಯುತ್ತಿದೆ, ಆ ಹಬ್ಬಿನಲ್ಲಿ ಅದನ್ನು ತಡೆಯುವ ಭಾಗ ಹಾಕಿಲ್ಲ. ಹಾಗೆ ಬಿಟ್ಟರೆ ಬೋರ್ಡ್ ಪೂರ್ತಿ ಆರದೆ, ಮುಂದಿನ ಸಲ ಚಾಲೂ ಮಾಡಿದಾಗ ಯುಎಸ್‌ಬಿ ಕಂಟ್ರೋಲರ್ ಸರಿಯಾಗಿ ರೀಸೆಟ್ ಆಗದೆ ಡಿಸ್ಕ್ ಮತ್ತೆ ಕಾಣದೇ ಹೋಗಬಹುದು. ಅಂಗಡಿಗೆ ವಾಪಸ್ ಕೊಡಿ.